ಹೆದರಿದವರ ಹೊತ್ತು ಲೆಕ್ಕಕ್ಕಿಲ್ಲ

ಹೋದ ತಿಂಗಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನಿಂದ ವಯಸ್ಸಾದ ಹೆಂಗಸೊಬ್ಬರು "ತಂಬಿ, ನೀನೇ ಅಲ್ಲವಾ?" ಎಂದು ಕೇಳಿದರು. ತಿರುಗಿ ನೋಡಿದೆ. ಹಿಂದೆ ಗಣಿಯಲ್ಲಿ ನನಗೆ ಮೇಲಿನವರಾಗಿದ್ದ ಸಾರ್ ಅವರ ಹೆಂಡತಿ. ಹಣೆ ಬರಿದಾಗಿತ್ತು. ಅಷ್ಟಕ್ಕೇ ವಿಷಯ ತಿಳಿಯಿತು. ಆದರೂ ಹಾಳು ಬಾಯಿ ಸುಮ್ಮನಿರಬೇಕಲ್ಲ, "ಸಾರ್ ಹೇಗಿದ್ದಾರಮ್ಮ?" ಎಂದುಬಿಟ್ಟೆ.

"ಹೋದರಪ್ಪ. ಮಧ್ಯಾಹ್ನ ಊಟ ಮಾಡಿದರು, ಎಲೆ ಅಡಿಕೆ ಹಾಕಿಕೊಂಡರು, ಕುರ್ಚಿಯಲ್ಲಿ ಹಾಗೇ ಒರಗಿದರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ಒಂದು ಕೆಮ್ಮು ಇಲ್ಲ, ಒಂದು ಔಷಧಿ ಇಲ್ಲ. ಸಾಯುವಾಗಲೂ ಯಾರ ಹೊತ್ತನ್ನೂ ಹಾಳು ಮಾಡಲಿಲ್ಲ ನೋಡು." ಹೇಳುತ್ತ ಆಕೆ ಸಣ್ಣಗೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸಾವಿನ ಸುದ್ದಿ ಕೇಳಿ ಸಮಾಧಾನವಾಯಿತು ಎಂದರೆ ಓದಿದವರು ನನ್ನನ್ನು ಏನೆಂದುಕೊಳ್ಳುತ್ತಾರೋ. ಆದರೆ ಆದದ್ದು ಸಮಾಧಾನವೇ. ಜನ್ಮವೆಲ್ಲ ಬೇರೆಯವರ ಹೊತ್ತಿನ ಮೇಲೆ ಕಣ್ಣಿಟ್ಟವರು ಕೊನೆಗೆ ಹಾಸಿಗೆ ಹಿಡಿದು, ಗೋಡೆ ನೋಡುತ್ತ ದಿನ ತಳ್ಳುವಂತಾಗಬಾರದು ಎಂದು ನನಗೆ ಒಳಗೊಳಗೇ ಭಯವಿತ್ತು. ಹಾಗಾಗಲಿಲ್ಲವಲ್ಲ, ಅಷ್ಟು ಸಾಕು.

ಈಗ ಮುಗಿದ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ನಾನು ಕೆ.ಜಿ.ಎಫ್.ನ ಒಂದು ಗಣಿಯಲ್ಲಿ, ಕೂಲಿಗಳ ಹಾಜರಿ ಬರೆಯುವ ಟೈಮಾಫೀಸಿನಲ್ಲಿ ಗುಮಾಸ್ತನಾಗಿದ್ದೆ. ಯಾವ ಗಣಿ ಎಂದು ಹೇಳುವುದು ಬೇಡ. ಹೇಳಿದರೆ ಇವತ್ತಿಗೂ ಯಾರಾದರೂ ಜಗಳಕ್ಕೆ ಬಂದಾರು. ಸಾರ್ ಅಲ್ಲಿಗೆ ಬಂದದ್ದು ಮದರಾಸಿನ ಕಡೆಯಿಂದ. ಅಲ್ಲೊಂದು ಬಟ್ಟೆ ಗಿರಣಿಯಲ್ಲಿ ಯಾರೋ ಇಂಗ್ಲಿಷ್ ದೊರೆಯ ಹತ್ತಿರ ಹೊಸ ವಿದ್ಯೆಯೊಂದನ್ನು ಕಲಿತಿದ್ದರಂತೆ. ಕೆಲಸ ಮಾಡುವವರ ಪಕ್ಕದಲ್ಲಿ ವಾಚು ಹಿಡಿದು ನಿಲ್ಲುವುದು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಹೊತ್ತು ಎಲ್ಲಿ ಸೋರಿಹೋಗುತ್ತದೆ ಎಂದು ನೋಡಿ ಮೇಲಿನವರಿಗೆ ಬರೆದುಕೊಡುವುದು. ಇದೂ ಒಂದು ಕೆಲಸವೇ, ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನಮ್ಮ ಆಫೀಸಿನಲ್ಲಿ ನಕ್ಕವರೇ ಹೆಚ್ಚು. ಆಫೀಸಿನ ಹೊರಗೆ ಮಾತ್ರ ಯಾರೂ ನಗಲಿಲ್ಲ. ವಾಚಿನಯ್ಯ ಎಲ್ಲಿ ನಿಲ್ಲುತ್ತಾನೋ ಅಲ್ಲಿ ನಾಲ್ಕು ಜನರ ಅನ್ನ ಹೋಯಿತು ಎಂದು ಕೂಲಿಗಳ ಲೈನು ಮನೆಗಳಲ್ಲೆಲ್ಲ ಸುದ್ದಿ ಹಬ್ಬಿತ್ತು.

ನೋಡುವುದಕ್ಕೆ ಭಯಪಡುವಂಥದ್ದು ಏನೂ ಇರಲಿಲ್ಲ. ಕುಳ್ಳಗಿನ ಆಳು. ಕಚ್ಚೆ ಪಂಚೆ, ಮುಚ್ಚುಕೋಟು, ಕಂಕುಳಲ್ಲಿ ಛತ್ರಿ. ವಾಚಿಗೆ ಬೆಳ್ಳಿ ಸರಪಣಿ ಇರಲಿಲ್ಲ, ಕರೀ ದಾರ ಕಟ್ಟಿದ್ದರು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ಸರಪಣಿ ಮಿಂಚುತ್ತೆ ತಂಬಿ. ಮಿಂಚಿದರೆ ಜನ ಕೆಲಸ ಬಿಟ್ಟು ಅದನ್ನೇ ನೋಡ್ತಾರೆ" ಎಂದರು. ನನಗಿಂತ ದೊಡ್ಡ ಹುದ್ದೆಯಲ್ಲಿದ್ದರೂ ಮೊದಲ ದಿನದಿಂದಲೇ ತಂಬಿ ಎಂದು ಕರೆದರು. ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು. ನಿಧಾನವಾಗಿ, ತೂಗಿ ತೂಗಿ ಮಾತಾಡುತ್ತಿದ್ದರು. ನಮ್ಮ ಕಡೆಯವರು ಕನ್ನಡ ತೆಲುಗು ಕಲಸಿ ಬಡಬಡ ಮಾತಾಡಿದರೆ ಕಣ್ಣು ಕಣ್ಣು ಬಿಡುತ್ತಿದ್ದರು. ಅದಕ್ಕೇ ಎಲ್ಲಿಗೆ ಹೋದರೂ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನೇ ಅವರ ದುಭಾಷಿ.

ಹೊತ್ತಿನ ವಿದ್ಯೆ ಕಲಿತವರು ಎಂದರೆ ಸದಾ ಧಾವಂತದಲ್ಲಿ ಇರುತ್ತಾರೆ ಎಂದು ನಾನು ಎಣಿಸಿದ್ದೆ. ಈ ಮನುಷ್ಯ ಓಡಿದ್ದನ್ನು ಮಾತ್ರ ನಾನು ಕಾಣಲಿಲ್ಲ. ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಟ್ಟು ಹಿಂದೆ ನಡೆಯುವವರು. ರೈಲು ತಡವಾಗಿ ನಾವೆಲ್ಲ ಪ್ಲಾಟ್‌ಫಾರಮ್ಮಿನಲ್ಲಿ ಹಲ್ಲು ಕಡಿಯುತ್ತಿದ್ದರೆ ಇವರು ಕಾಲು ಚಾಚಿ ಕೂತು ಗುಬ್ಬಿಗಳನ್ನು ನೋಡುತ್ತಿದ್ದರು. "ಕಾಯುವ ಹೊತ್ತಿನಲ್ಲಿ ಕಾಯಬೇಕಪ್ಪ, ಬೈದರೆ ಎರಡು ಕೆಲಸ ಆಗುತ್ತೆ" ಎನ್ನುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ಹೇಳಿಕೊಟ್ಟಾಗ ಬಹಳ ಸಂತೋಷಪಟ್ಟರು. ಮರುದಿನದಿಂದ ಅದನ್ನು ನನ್ನ ಮೇಲೇ ಉಪಯೋಗಿಸಲು ಶುರು ಮಾಡಿದರು.

ಯಾಕೆಂದರೆ ನಾನು ಓಡುವವನು. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ, ಒಕ್ಕಲು ಮನೆ. ದಿನಾ ಬೆಳಗ್ಗೆ ಗದ್ದೆ ಬದುವಿನ ಮೇಲೆ ಓಡಿ, ಅಂಗಿ ಗುಂಡಿಯನ್ನು ದಾರಿಯಲ್ಲೇ ಹಾಕಿಕೊಂಡು, ಹೊರಟ ರೈಲಿಗೆ ನೇತು ಬೀಳುತ್ತಿದ್ದೆ. ಒಂದು ದಿನ ಅವರು ನನ್ನನ್ನು ಕೂರಿಸಿಕೊಂಡು, ಎದ್ದಾಗಿನಿಂದ ಏನೇನು ಮಾಡುತ್ತೀಯ ಹೇಳು ಎಂದರು. ಎಲ್ಲ ಹೇಳಿದೆ. ಕೇಳಿ, "ನೀನು ರೈಲಿಗೆ ಓಡೋದಲ್ಲ ತಂಬಿ. ಪಾಸು ಎಲ್ಲಿ, ಛತ್ರಿ ಎಲ್ಲಿ ಅಂತ ಮನೆಯೆಲ್ಲ ಹುಡುಕ್ತೀಯಲ್ಲ, ಅದಕ್ಕೆ ಓಡ್ತೀಯ. ಬಾಗಿಲ ಪಕ್ಕ ಒಂದು ಗೂಟ ಹೊಡಿ. ಮನೆಗೆ ಬಂದ ತಕ್ಷಣ ಎಲ್ಲ ಅದಕ್ಕೆ ಹಾಕು" ಎಂದರು. ಗೂಟ ಹೊಡೆದೆ. ಮೂರನೆಯ ದಿನ ನಮ್ಮವ್ವ ಅದಕ್ಕೆ ಈರುಳ್ಳಿ ಗೊಂಚಲು ತೂಗುಹಾಕಿದಳು. ನಾನು ರೇಗಿದರೆ, "ಗೂಟ ಇರೋದು ಎಲ್ರೂ ತಗಲಾಕಾಕೆ ಕಣ್ಲಾ, ನೀನೊಬ್ನೇನಾ ಈ ಮನೇಲಿ ಇರೋದು" ಎಂದಳು. ಸಾರ್‌ಗೆ ಹೇಳಿದೆ. ಅವರು ಯೋಚನೆ ಮಾಡಿ, "ಇನ್ನೊಂದು ಗೂಟ ಹೊಡಿ" ಎಂದರು. ಆಮೇಲಿಂದ ನಾನು ರೈಲಿಗೆ ನಡೆದುಕೊಂಡೇ ಹೋದೆ. ನನ್ನ ಜೀವನದಲ್ಲಿ ಇಷ್ಟು ಅಗ್ಗಕ್ಕೆ ಸಿಕ್ಕ ಸುಖ ಬೇರೆ ಇಲ್ಲ.

ಅವರ ಮನೆ ಕೆ.ಜಿ.ಎಫ್.ನ ಊರಿಗಾಮಿನಲ್ಲಿತ್ತು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ. ಊರಿಗೆಲ್ಲ ಹೊತ್ತು ಉಳಿಸುವುದನ್ನು ಹೇಳಿಕೊಡುವವರು ಮನೆಯಲ್ಲಿ ಏನು ಮಾಡುತ್ತಾರೆ ಎಂದು ನನಗೆ ಕುತೂಹಲ. ಆ ಕಥೆಯನ್ನು ಆಕೆಯೇ ಹೇಳಿದರು. ಮದುವೆಯಾದ ಹೊಸದರಲ್ಲಿ ಇವರು ಅಡುಗೆಮನೆಯಲ್ಲಿ ಕೂತು, ಹೆಂಡತಿ ಎಷ್ಟು ಸಲ ಎದ್ದು ಎಷ್ಟು ಸಲ ಬಗ್ಗುತ್ತಾಳೆ ಎಂದು ನೋಡಿ, ಉಪ್ಪಿನ ಜಾಡಿ, ಹುಣಸೆ ಮಡಕೆ, ಸಾಸಿವೆ ಡಬ್ಬಿ ಎಲ್ಲದರ ಜಾಗ ಬದಲಾಯಿಸಿದರಂತೆ. ಆಕೆ ಬಾಯಿ ಬಿಡಲಿಲ್ಲ. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮರುದಿನ ಸಾರಿನಲ್ಲಿ ಉಪ್ಪೇ ಇಲ್ಲ. ಅದರ ಮಾರನೆಯ ದಿನ ಇವರೇ ಎದ್ದು ಜಾಡಿಗಳನ್ನೆಲ್ಲ ಇದ್ದಲ್ಲಿಗೆ ಇಟ್ಟರಂತೆ. "ಅವಳ ಕೈಗೆ ಗೊತ್ತಿರೋದು ನನ್ನ ಕಣ್ಣಿಗೆ ಗೊತ್ತಿಲ್ಲ ತಂಬಿ" ಎಂದು ಅವರು ನಾಚಿಕೊಂಡು ಹೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ತಮಾಷೆಯ ಮನುಷ್ಯ ಎಂದು ನೆನೆಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಮನೆಯ ಅನ್ನ ಒಂದು ವಾರ ಪೂರ್ತಿ ಅವರ ಕೈಯಲ್ಲಿತ್ತು.

ನಮ್ಮಣ್ಣ ಹುಣಸೆ ಉದುರಿಸಲು ಮರ ಹತ್ತಿ, ಬಿದ್ದು, ಸೊಂಟ ಮುರಿದುಕೊಂಡಿದ್ದ. ಬೇಸಾಯ ನಿಂತುಹೋಗಿತ್ತು. ನನ್ನ ಸಂಬಳ ಅಷ್ಟು ಜನರಿಗೆ ಸಾಲುತ್ತಿರಲಿಲ್ಲ. ಅತ್ತಿಗೆ, ಇನ್ನೂ ಹಲ್ಲು ಮೂಡದ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ನನ್ನ ಜೊತೆಯಲ್ಲೇ ರೈಲು ಹತ್ತಿ ಗಣಿಯ ಕಲ್ಲು ಆರಿಸುವ ಷೆಡ್ಡಿಗೆ ಕೂಲಿಗೆ ಬರತೊಡಗಿದಳು. ನೆಲದ ಕೆಳಗಿನಿಂದ ಬಂದ ಕಲ್ಲನ್ನು ಟ್ರಾಲಿಗಳಲ್ಲಿ ಅಲ್ಲಿಗೆ ತಂದು ಸುರಿಯುತ್ತಿದ್ದರು. ಬಿಳಿ ಕಲ್ಲಿನಲ್ಲಿ ಚಿನ್ನ, ಕರಿ ಕಲ್ಲು ದಂಡ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ನಿಂತು ಕರಿ ಕಲ್ಲನ್ನು ಆರಿಸಿ ಎಸೆಯಬೇಕು. ಷೆಡ್ಡಿನ ತೊಲೆಗೆ ಹಳೇ ಸೀರೆಯ ತೊಟ್ಟಿಲುಗಳು ತೂಗುತ್ತಿದ್ದವು. ಮಗು ಅತ್ತರೆ ತಾಯಿ ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಹಾಗೆ ಕುಡಿಸುವಾಗಲೂ ಒಂದು ಕಣ್ಣು ಹಳಿಯ ಮೇಲೆ. ಟ್ರಾಲಿ ಬಂತೆಂದರೆ ಮಗುವಿನ ಬಾಯಿ ಬಿಡಿಸಿ ಓಡಿ ಬರುವುದು.

ಆ ತೊಟ್ಟಿಲುಗಳ ಮೇಲೆ ನಮ್ಮ ಗಣಿಯ ಇಂಗ್ಲಿಷ್ ದೊರೆಯ ಕಣ್ಣು ಬಿತ್ತು. ಅವನು ಷೆಡ್ಡಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬಳು ಮಗು ಎತ್ತಿಕೊಂಡು ಕೂತಿರುತ್ತಿದ್ದಳಂತೆ. ಎಳೆಮಕ್ಕಳ ತಾಯಂದಿರನ್ನೆಲ್ಲ ತೆಗೆದುಹಾಕಿದರೆ ಏನಾಗುತ್ತದೆ, ವಾರದ ಕೊನೆಗೆ ಬರೆದುಕೊಡಿ ಎಂದು ನಮ್ಮ ಸಾರ್‌ಗೆ ಹೇಳಿ ಕಳಿಸಿದ. ಆ ಮಾತನ್ನು ಆಫೀಸಿನಲ್ಲಿ ಕೇಳಿದಾಗ ನನ್ನ ಕೈಯಲ್ಲಿದ್ದ ಲೇಖನಿ ಹಾಗೇ ನಿಂತುಹೋಯಿತು. ಅತ್ತಿಗೆ ಅಲ್ಲಿದ್ದಾಳೆ ಎಂದು ಹೇಳಲೋ ಬೇಡವೋ? ಹೇಳಿದರೆ ಶಿಫಾರಸು ಎಂದುಕೊಳ್ಳುತ್ತಾರೆ. ಹೇಳದಿದ್ದರೆ ಮನೆಯವರ ಹೊಟ್ಟೆಗೆ ಕಲ್ಲು. ಹೇಳಲಿಲ್ಲ.

ಸುದ್ದಿ ಷೆಡ್ಡಿಗೆ ನಮಗಿಂತ ಮುಂಚೆ ತಲುಪಿತ್ತು. ನಿಧಾನದವರನ್ನು ಮನೆಗೆ ಕಳಿಸುತ್ತಾರೆ ಎಂದಷ್ಟೇ ಹೆಂಗಸರಿಗೆ ತಿಳಿದದ್ದು. ಅಲ್ಲಿನ ಹೆಣ್ಣಾಳುಗಳ ಮೇಸ್ತ್ರಿ ರಾಮಕ್ಕ ಎಂಬಾಕೆ ಹಿಂದಿನ ದಿನವೇ ಅಪ್ಪಣೆ ಮಾಡಿದ್ದಳಂತೆ: ನಾಳೆ ಯಾರೂ ತಲೆ ಎತ್ತಬಾರದು, ಕೈ ನಿಲ್ಲಬಾರದು, ಮಕ್ಕಳನ್ನು ಯಾರೂ ತರಬಾರದು.

ನಾವು ಹೋಗಿ ನಿಂತೆವು. ಸಾರ್ ವಾಚು ತೆಗೆದರು. ಅಷ್ಟೇ, ಆ ಹೆಂಗಸರ ಕೈ ಹೇಗೆ ಓಡಿತು ಎಂದರೆ ಹೇಳಲು ಬರುವುದಿಲ್ಲ. ಮಾತಿಲ್ಲ, ನಗುವಿಲ್ಲ, ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದು ಮಾತ್ರ. ಒಬ್ಬಳ ಬೆರಳು ಒಡೆದು ರಕ್ತ ಬಂದರೂ ಸೆರಗಿಗೆ ಒರೆಸಿಕೊಂಡು ಮುಂದುವರಿಸಿದಳು. ಟ್ರಾಲಿ ಸುರಿದ ರಾಶಿ ನೋಡುನೋಡುತ್ತಿದ್ದ ಹಾಗೆ ಮುಗಿಯಿತು. ಇನ್ನೊಂದು ಟ್ರಾಲಿ ಬಂದಿರಲಿಲ್ಲ. ಅಷ್ಟೂ ಜನ ಖಾಲಿ ಮೇಜಿನ ಮುಂದೆ ಕೈ ಜೋತುಬಿಟ್ಟು ನಿಂತರು. ನಿಂತದ್ದನ್ನು ನೋಡಿದರೆ ಕೆಲಸ ಹೋದೀತು ಎಂಬ ಭಯಕ್ಕೆ ಒಬ್ಬಳು ಎಸೆದ ಕರಿ ಕಲ್ಲನ್ನೇ ಎತ್ತಿ ಮತ್ತೆ ಮೇಜಿನ ಮೇಲಿಟ್ಟು ಮತ್ತೆ ಎಸೆದಳು. ಅತ್ತಿಗೆ ಎರಡೂ ಕೈಯನ್ನು ಎದೆಗೆ ಅಡ್ಡ ಕಟ್ಟಿಕೊಂಡು ನಿಂತಿದ್ದಳು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

ಸರಿಯಾಗಿ ಆ ಹೊತ್ತಿಗೇ ದೊರೆ ಬರಬೇಕೇ. ಬಂದವನು ಸಾಲಾಗಿ ನಿಂತ ಹೆಂಗಸರನ್ನು ನೋಡಿ, ಅರ್ಧ ಜನ ಸಾಕು, ಇದಕ್ಕೆ ವಾರ ಯಾಕೆ ಬೇಕು ಎಂದ. ತಿಂಗಳುಗಟ್ಟಲೆ ಹೆಣಗಿ ಹಿಡಿದ ಕೂಲಿ ಒಂದು ಮಾತಿಗೆ ಹೋಗುವುದರಲ್ಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ.

ಸಾರ್ ಖಾಲಿ ತೊಟ್ಟಿಲುಗಳನ್ನೇ ನೋಡುತ್ತಿದ್ದರು. "ತೊಟ್ಟಿಲು ಇದೆ, ಮಕ್ಕಳೆಲ್ಲಿ? ಕೇಳು ತಂಬಿ" ಎಂದರು. ಕೇಳಿದೆ.

"ಮನೇಲಿ ಬುಟ್ಟು ಬಂದವ್ರೆ ಸಾಮಿ. ಇನ್ಮೇಕೆ ತರಾಕಿಲ್ಲ. ನಿಮ್ ಕಾಲಿಗ್ ಬೀಳ್ತೀವಿ, ಬರಕಬೇಡಿ" ಎಂದಳು ರಾಮಕ್ಕ.

ಅದನ್ನು ಅವರಿಗೆ ತಿಳಿಯುವ ಹಾಗೆ ಹೇಳಿದೆ. ಅವರು ವಾಚನ್ನು ಜೇಬಿಗೆ ಹಾಕಿಕೊಂಡರು. ದೊರೆಯ ಕಡೆ ತಿರುಗಿ, "ಇವತ್ತು ನೋಡಿದ್ದು ಕೆಲಸ ಅಲ್ಲ, ಭಯ. ಹೆದರಿದವರ ಹೊತ್ತು ಲೆಕ್ಕಕ್ಕಿಲ್ಲ. ನನಗೆ ವಾರ ಪೂರ್ತಿ ಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ದನಿ ಏರಿಸಲಿಲ್ಲ. ದೊರೆ ಮುಖ ಗಂಟಿಕ್ಕಿಕೊಂಡು, ಶನಿವಾರಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ಹೇಳಿ ಹೋದ. ಆಮೇಲೆ ಸಾರ್ ಹೆಂಗಸರಿಗೆ, ನಾಳೆಯಿಂದ ಮಕ್ಕಳನ್ನು ಕರೆತನ್ನಿ, ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ ಎಂದು ನನ್ನಿಂದ ಹೇಳಿಸಿದರು. ಅವರು ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಆಫೀಸಿಗೆ ವಾಪಸು ನಡೆಯುವಾಗ ಅವರು ಕೇಳಿದರು: "ಆ ತುದಿಯಲ್ಲಿ ನಿಂತಿದ್ದಾಕೆ ನಿನಗೆ ಏನಾಗಬೇಕು?"

ನಾನು ಬೆಬ್ಬೆಬ್ಬೆ ಎಂದೆ.

"ನೀನು ಎಲ್ಲರನ್ನೂ ನೋಡ್ತಿದ್ದೆ. ಆಕೆಯೊಬ್ಬಳನ್ನ ಬಿಟ್ಟು."

ಅತ್ತಿಗೆ ಎಂದು ಹೇಳಿದೆ. ಅಣ್ಣನ ಸೊಂಟದ ವಿಷಯವನ್ನೂ ಹೇಳಿದೆ. "ಸರಿ. ಇನ್ನು ಮೇಲೆ ಆಕೆಯದನ್ನ ನಾನೇ ನೋಡಿ ಬರೀತೀನಿ. ನೀನು ಅದರಲ್ಲಿ ಬಾಯಿ ಹಾಕಬೇಡ" ಎಂದರು. ಅಯ್ಯೋ ಪಾಪ ಎನ್ನಲಿಲ್ಲ, ನೋಡೋಣ ಎನ್ನಲಿಲ್ಲ. ಆ ಕ್ಷಣ ಅವರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಊರಿಗೆ ನಡೆಯುವಾಗ ಅತ್ತಿಗೆ ಕೇಳಿದಳು: "ಆವಯ್ಯ ವಾಚು ಮಡಗಿಬುಟ್ನಲ್ಲ, ಅಂಗಂದ್ರೆ ಏನಪ್ಪ? ಕೆಲ್ಸ ಓಯ್ತು ಅಂತಾನಾ?"

"ಇಲ್ಲ ಅತ್ಗೆ. ಇವತ್ತಿಂದು ಲೆಕ್ಕಕ್ಕಿಲ್ಲ ಅಂದ್ರು."

"ಕೈ ಸೀಳೋಗಂಗೆ ಮಾಡಿದ್ದು ಲೆಕ್ಕಕ್ಕಿಲ್ವಾ? ಇನ್ಯಾವುದಪ್ಪ ಲೆಕ್ಕಕ್ಕೆ?"

ಮನೆಯ ಹತ್ತಿರ ಹೋಗುತ್ತಿದ್ದ ಹಾಗೇ ಮಗುವಿನ ಅಳು ಕೇಳಿಸಿತು. ಅತ್ತು ಅತ್ತು ದನಿ ಕಟ್ಟಿಹೋಗಿತ್ತು. ಅವ್ವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದಳು. "ಒಂದು ತೊಟ್ಟು ಮುಟ್ಲಿಲ್ಲ ಕಣಮ್ಮಿ ಇವ್ಳು. ಅಸುವಿನ ಆಲಲ್ಲಿ ಬಟ್ಟೆ ಅದ್ದಿ ಇಕ್ಕಿದ್ರೂ ಉಗುದ್ಲು" ಎಂದಳು. ಅತ್ತಿಗೆ ಕಾಲು ಕೂಡ ತೊಳೆಯದೆ ಜಗಲಿಯ ಮೇಲೆ ಕೂತು ಮಗುವನ್ನು ಎಳೆದುಕೊಂಡಳು. ಒಳಗೆ ಮಲಗಿದ್ದ ಅಣ್ಣ, "ನೀನು ಓಗೋದು ಬ್ಯಾಡ ಬುಡು, ಎಂಗೋ ಆಯ್ತದೆ" ಎಂದ.

"ಎಂಗಾಯ್ತದೆ? ನಿನ್ ಸೊಂಟ ಎದ್ದು ಓಡಾಡೋ ಗಂಟ ಎಂಗಾಯ್ತದೆ ಏಳು" ಎಂದಳು ಅತ್ತಿಗೆ. ಆಮೇಲೆ ನನ್ನ ಕಡೆ ತಿರುಗಿ, "ನಾಳೀಕೆ ಇವಳ್ನ ಎತ್ಕೊಂಡೇ ಬತ್ತೀನಿ. ನನ್ ಎಸ್ರು ಒಡ್ದಾಕಿದ್ರೆ ಆಕ್ಲಿ" ಎಂದಳು.

ಮರುದಿನ ಷೆಡ್ಡಿಗೆ ಮಗು ತಂದವಳು ಅವಳೊಬ್ಬಳೇ. ಸಾರ್ ತೊಟ್ಟಿಲುಗಳಿಗೆ ಹೋಗುವ ದಾರಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಅವಳನ್ನು ನೋಡಿ ಎದ್ದು ಸ್ಟೂಲನ್ನು ಪಕ್ಕಕ್ಕೆ ಸರಿಸಿದರು. ತೊಟ್ಟಿಲಿಗೆ ಹಾಕುವವರೆಗೂ ನಿಂತಿದ್ದು, "ಮಗುವಿನ ಹೆಸರು ಏನು, ಕೇಳು" ಎಂದರು. ನನ್ನ ಅಣ್ಣನ ಮಗಳ ಹೆಸರನ್ನು ನಾನೇ ಕೇಳಿ ನಾನೇ ಹೇಳಬೇಕಾಯಿತು. "ಗಂಗಿ" ಎಂದೆ. ಅವರು ಅದನ್ನೂ ಬರೆದುಕೊಳ್ಳುತ್ತಾರೇನೋ ಎಂದು ಎಲ್ಲರೂ ನೋಡುತ್ತಿದ್ದರು. ಅವರು ಏನೂ ಬರೆಯಲಿಲ್ಲ. ವಾಚನ್ನೂ ತೆಗೆಯಲಿಲ್ಲ.

ಅವತ್ತೆಲ್ಲ ಸುಮ್ಮನೆ ಕೂತರು. ಅದರ ಮಾರನೆಯ ದಿನವೂ ಅಷ್ಟೇ. ಶನಿವಾರ ಹತ್ತಿರ ಬರುತ್ತಿತ್ತು. ಸಾರ್, ಶುರು ಮಾಡುವುದು ಯಾವಾಗ ಎಂದು ಕೇಳಿದೆ. "ನಿಮ್ಮ ಮನೆಯಲ್ಲಿ ಹಸು ಇದೆಯಲ್ಲ? ಹೊಸಬರು ಹತ್ತಿರ ನಿಂತರೆ ಹಾಲು ಇಳಿಸುತ್ತಾ?" ಎಂದರು. ಇಳಿಸುವುದಿಲ್ಲ ಎಂದೆ. "ನಾನಿನ್ನೂ ಹೊಸಬ" ಎಂದರು.

ಹೆಂಗಸರಿಗೆ ಹೆದರಿ ಹೆದರಿ ಸಾಕಾಯಿತೋ ಏನೋ, ಒಂದೊಂದೇ ಮಗು ಬರತೊಡಗಿತು. ಷೆಡ್ಡಿನಲ್ಲಿ ಅಳು ಕೇಳಿಸಿತು, ಆಮೇಲೆ ಮಾತು, ಆಮೇಲೆ ಜಗಳ. ರಾಮಕ್ಕನಂತೂ ಧೈರ್ಯ ಬಂದು, "ಏನ್ ಸಾಮಿ, ಸುಮ್ಕೆ ಕೂತ್ಕೊಂಡಾಕೆ ನಿಮ್ಗೆ ಸಂಬ್ಳ ಕೊಡ್ತಾರಾ? ನಮ್ಗೂ ಅಂತಾ ಕೆಲ್ಸ ಒಂದು ನೋಡಿ" ಎಂದಳು. ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವರು ನನ್ನ ಮುಖ ನೋಡಿ, "ಇಷ್ಟೇ ಅಲ್ಲ ಆಕೆ ಹೇಳಿದ್ದು. ಪೂರ್ತಿ ಹೇಳು" ಎಂದರು. ಹೇಳಿದೆ. ಬಾಯಿತುಂಬ ನಕ್ಕರು. ಅವರು ನಕ್ಕದ್ದನ್ನು ನೋಡಿ ಹೆಂಗಸರೂ ನಕ್ಕರು. ಆಮೇಲೆ ಅವರ ವಾಚು ಹೊರಗೆ ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅವರು ದೇವರಂಥವರು ಎಂದು ನಾನು ಹೇಳುತ್ತಿಲ್ಲ. ಬೇರೆ ಕಡೆ ಅವರು ಬರೆದುಕೊಟ್ಟದ್ದರಿಂದ ಕೆಲವರ ಕೆಲಸ ಬದಲಾಯಿತು, ಕೆಲವರು ಅವರನ್ನು ಶಪಿಸಿದ್ದೂ ಉಂಟು. ಸುಳ್ಳು ಮಾತ್ರ ಬರೆಯಲಿಲ್ಲ. ಯಾರ ಕಡೆಗೂ ವಾಲಿ ಬರೆಯಲಿಲ್ಲ. ಯುದ್ಧ ಶುರುವಾಗಿ ಎಲ್ಲ ಕಡೆ ಬೇಗ ಬೇಗ ಎನ್ನುವ ಕಾಲ ಬಂದಾಗ ಅವರೇ ಕೆಲಸ ಬಿಟ್ಟು ಜೋಲಾರಪೇಟೆಯ ಆಚೆ ಹೆಂಡತಿಯ ಊರಿಗೆ ಹೊರಟುಹೋದರು. ಬೀಳ್ಕೊಡಲು ಹೋದಾಗ ನಾನು ಕಣ್ಣೀರು ಹಾಕಿದೆ. "ಅಳುವುದಾದರೆ ರೈಲು ಹೋದ ಮೇಲೆ ಅಳು ತಂಬಿ, ಈಗ ಮಾತಾಡೋಣ" ಎಂದು ಗದರಿಕೊಂಡರು. ಅಂಥವರು.

ಆ ಶನಿವಾರ ಬಂತು. ದೊರೆ ಕಾಗದ ಎಲ್ಲಿ ಎಂದ. ಸಾರ್ ಕಾಗದ ಕೊಡುವ ಬದಲು, ದಯವಿಟ್ಟು ಒಂದು ಸ್ವಲ್ಪ ಹೊತ್ತು ನನ್ನ ಸ್ಟೂಲಿನ ಮೇಲೆ ಕೂತುಕೊಳ್ಳಿ ಎಂದು ಕೇಳಿಕೊಂಡರು. ದೊರೆಯನ್ನು ಸ್ಟೂಲಿನ ಮೇಲೆ ಕೂರಿಸುವುದೆಂದರೇನು! ನಮ್ಮ ಹೆಡ್ ಗುಮಾಸ್ತರ ಮುಖ ಬಿಳಿಚಿಕೊಂಡಿತು. ಆದರೆ ಅದೇನನ್ನಿಸಿತೋ, ಅವನು ಬಂದು ಕೂತ. ಹೆಂಗಸರು ಬೆಚ್ಚಿ ಕೈ ಚುರುಕು ಮಾಡಲು ಹೊರಟರು. ರಾಮಕ್ಕ ತೆಲುಗಿನಲ್ಲಿ, ನಮ್ಮಯ್ಯ ಪಕ್ಕದಲ್ಲಿದ್ದಾನೆ, ದಿನದ ಹಾಗೇ ಮಾಡಿ ಎಂದು ಮೆಲ್ಲಗೆ ಗದರಿದಳು. "ನಮ್ಮಯ್ಯ" ಎಂದದ್ದನ್ನು ನಾನು ಸಾರ್‌ಗೆ ಹೇಳಲಿಲ್ಲ. ಅವರಿಗೆ ಅಷ್ಟು ತೆಲುಗು ತಿಳಿಯುತ್ತಿತ್ತು ಎನ್ನಿಸುತ್ತದೆ.

ಟ್ರಾಲಿಗಳು ಒಂದರ ಹಿಂದೆ ಒಂದು ಒಟ್ಟಿಗೆ ಬಂದು ಸುರಿದವು. ಮೇಜು ತುಂಬಿ ಕಲ್ಲು ಕೆಳಗೆ ಉರುಳಿತು. ಇದ್ದಷ್ಟೂ ಕೈಗೆ ಬಿಡುವಿಲ್ಲ. ಅದರಲ್ಲೂ ಒಂದಿಷ್ಟು ಕರಿ ಕಲ್ಲು ಕಣ್ಣು ತಪ್ಪಿಸಿ ಮುಂದೆ ಹೋಯಿತು. ದೊರೆಯೇ ಎದ್ದು ಒಂದನ್ನು ಎತ್ತಿ ನೋಡಿದ. ಆಮೇಲೆ ಟ್ರಾಲಿಯೇ ಇಲ್ಲ. ರಾಶಿ ಕರಗಿದ ಮೇಲೆ ತಾಯಂದಿರು ಒಬ್ಬೊಬ್ಬರಾಗಿ ತೊಟ್ಟಿಲ ಕಡೆ ಹೋದರು. ದೊರೆ ಚಡಪಡಿಸಿದ, ತನ್ನ ವಾಚು ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ. ದೂರದಲ್ಲಿ ಟ್ರಾಲಿಯ ಸದ್ದು ಕೇಳಿಸಿದ್ದೇ ತಡ, ತೊಟ್ಟಿಲುಗಳ ಹತ್ತಿರ ಒಬ್ಬಳೂ ಇರಲಿಲ್ಲ. ಮೊಲೆ ತಪ್ಪಿದ ಮಕ್ಕಳು ಒಟ್ಟಿಗೆ ಅಳತೊಡಗಿದವು. ದೊರೆ ಎದ್ದು ಹೊರಟ. ಸಾರ್ ಕಾಗದವನ್ನು ಆಗ ಅವನ ಕೈಗೆ ಕೊಟ್ಟರು.

ಸೋಮವಾರ ಬೆಳಗ್ಗೆ ರಾಮಕ್ಕನನ್ನು ಆಫೀಸಿಗೆ ಕರೆಸಿದರು. ನಾನೂ ಸಾರೂ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೆವು. ಅವರು ಏನು ಬರೆದರು ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅತ್ತಿಗೆ ತೊಟ್ಟಿಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕಣ್ಣು ಮಾತ್ರ ಹಳಿಯ ಮೇಲೆ. ರಾಮಕ್ಕ ಬಂದಳು. ಬಂದು, ಮೇಜಿಗೆ ಒರಗಿ ಉಸಿರು ತೆಗೆದುಕೊಂಡಳು.

"ಯಾರ್ನೂ ತೆಗಿಯಾಕಿಲ್ವಂತೆ. ಮಕ್ಳ ತಾಯ್ದೀರೂ ಇರಬೋದಂತೆ. ತಪ್ಪು ನಮ್ದಲ್ವಂತೆ, ಟ್ರಾಲಿ ಒಟ್ಟಿಗೆ ಬರೋದ್ರಲ್ಲಿ ಇರೋದಂತೆ, ಇನ್ಮೇಕೆ ಬಿಡಿಬಿಡಿಯಾಗಿ ಕಳಿಸ್ತಾರಂತೆ. ಕಲ್ಲು ಇಲ್ದಾಗ ಆಲು ಕುಡ್ಸಿದ್ರೆ ಯಾರೂ ಕೇಳಂಗಿಲ್ವಂತೆ" ಎಂದಳು.

ಒಬ್ಬ ಮುದುಕಿ ಕಲ್ಲಿನ ರಾಶಿಯ ಮೇಲೆ ಹಾಗೇ ಕೂತುಬಿಟ್ಟಳು. ಅತ್ತಿಗೆ ನಮ್ಮ ಕಡೆ ನೋಡಲೂ ಇಲ್ಲ. ಕುಕ್ಕರುಗಾಲು ಬಿಟ್ಟು ನೆಲದ ಮೇಲೆ ಸರಿಯಾಗಿ ಕೂತಳು. ಹಳಿಯ ಕಡೆಗೆ ಬೆನ್ನು ಹಾಕಿ ತಿರುಗಿದಳು. ಮಗುವಿನ ತಲೆಯ ಮೇಲೆ ಬಗ್ಗಿ ಏನೋ ಹೇಳಿದಳು.

"ಏನಂದಳು ತಂಬಿ?" ಎಂದು ಸಾರ್ ಕೇಳಿದರು.

"ನಿಧಾನಕ್ಕೆ ಕುಡಿ ಮಗಾ, ಯಾರೂ ಕರೆಯೋದಿಲ್ಲ ಅಂದಳು" ಎಂದೆ.

ಅವರು ಅದನ್ನು ನನ್ನಿಂದ ಇನ್ನೊಂದು ಸಲ ಹೇಳಿಸಿದರು.